ಕುಂಭಾರಿಯ ಹೋಳಿಗೆ ಮತ್ತು ನನ್ನ ಮಾನವಶಾಸ್ತ್ರ

ನಾನು ಮಾನವಶಾಸ್ತ್ರಜ್ಞ. ಈ ಮಾತನ್ನು ಸೊಲ್ಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಕೂತು ಹೇಳಿದರೆ ಗಿರಾಕಿಗಳು ತಲೆಯಾಡಿಸಿ, ಆಮೇಲೆ ಚಾದರದ ದರ ಕೇಳುತ್ತಾರೆ. ಆದರೆ ನಾನು ಪುಣೆಯಲ್ಲಿ ಎಂ.ಎ. ಮಾಡಿ ಬಂದವನು, ನಮ್ಮ ಭಾಗದ ಮಾನವಶಾಸ್ತ್ರಜ್ಞರ ಸಂಘದ ಸಹಸದಸ್ಯ. ಸಹಸದಸ್ಯನೆಂದರೆ ಸಭೆಯಲ್ಲಿ ಕುರ್ಚಿ ಹಾಕುವವನು. ಪೂರ್ಣ ಸದಸ್ಯನೆಂದರೆ ಅದರ ಮೇಲೆ ಕೂಡುವವನು. ಎಪ್ಪತ್ತರ ದಶಕದ ಆ ವರ್ಷ ಸಂಘದ ವಾರ್ಷಿಕ ಸಭೆ ನಮ್ಮ ಅಂಗಡಿಯ ಮೇಲಿನ ಹಾಲ್‌ನಲ್ಲೇ ಎಂದು ಠರಾವಾಯಿತು. ನಾನು ಪಣ ತೊಟ್ಟೆ. ಈ ಸಲ ಪ್ರಬಂಧ ಓದುವುದೇ, ಕುರ್ಚಿಯ ಮೇಲೆ ಕೂಡುವುದೇ!

ಸಂಘದ ಸೈಕ್ಲೋಸ್ಟೈಲ್ ಸುದ್ದಿಪತ್ರದಲ್ಲಿ, ನಾನು ಗಡಿಭಾಗದ ಹಳ್ಳಿಯೊಂದರಲ್ಲಿ ನಂಟಸ್ತಿಕೆಯ ಅಧ್ಯಯನ ಕೈಗೊಂಡಿದ್ದೇನೆಂಬ ಸುದ್ದಿ ಬಂತು. ಸುದ್ದಿ ಬಂದ ಮೇಲೆ ಕೈಗೊಳ್ಳದೆ ಗತಿಯಿರಲಿಲ್ಲ. ಅಂಗಡಿಯನ್ನು ತಮ್ಮ ಮಲ್ಲಿನಾಥನಿಗೆ ಒಪ್ಪಿಸಿ, ಅಕ್ಕಲಕೋಟೆಯ ಎಸ್.ಟಿ. ಬಸ್ಸು ಹತ್ತಿ ಕುಂಭಾರಿಯಲ್ಲಿ ಇಳಿದೆ.

ಅಲ್ಲಿ ಗುರುಸಿದ್ದಪ್ಪನವರು ನಮ್ಮ ಹಳೆಯ ಗಿರಾಕಿ. ನಮ್ಮ ಪೈಕಿಯವರೇ. ಹೊಲ, ಬಾವಿ, ಎತ್ತು ಎಲ್ಲ ಇದ್ದ ಗಟ್ಟಿ ಕುಳ. ಕಟ್ಟೆಯ ಮೇಲೆ ಕೂತು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ನಿಮ್ಮ ಮನೆತನ ಯಾವುದು, ಕುಲದ ಬೆಡಗು ಯಾವುದು? ಬೆಲ್ಲ, ನೀರು ಬಂತು. ನಿಮ್ಮ ತಾಯಿಯ ತವರು ಯಾವ ಊರು, ಹಿರಿಯ ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ? ಚಹಾ ಬಂತು. ನಡುವೆ ಅವರು ನಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಮಾಹಿತಿ ಬೇಕಾದವನು ಮಾಹಿತಿ ಕೊಡಬೇಕೆಂಬುದು ನಮ್ಮ ಶಾಸ್ತ್ರದ ನಿಯಮ. ನಾನು, ಹೆಂಡತಿ, ಇನ್ನೂ ಮದುವೆಯಾಗದ ಒಬ್ಬ ತಮ್ಮ ಎಂದು ಪ್ರಾಮಾಣಿಕವಾಗಿ ಹೇಳಿದೆ. ಆಮೇಲೆ ನನ್ನ ಪ್ರಬಂಧದ ಮುಖ್ಯ ಪ್ರಶ್ನೆ ಎತ್ತಿದೆ. ಕಿರಿಯ ಮಗಳನ್ನು ಸೋದರಮಾವನಿಗೆ ಕೊಡುವ ಮಾತೇನಾದರೂ ಆಗಿದೆಯೇ?

ಒಳಗೆ ಬಳೆಗಳ ಸದ್ದು ನಿಂತಿತು. ಗುರುಸಿದ್ದಪ್ಪನವರು ರುಮಾಲು ಸರಿಮಾಡಿಕೊಂಡು, ಅಂಥ ಮಾತು ಆಗಿಲ್ಲ, ಸುರೇಖಾ ಸೊಲ್ಲಾಪುರದಲ್ಲಿ ಬಿ.ಎ. ಓದುತ್ತಿದ್ದಾಳೆ ಎಂದರು. ಸ್ವಲ್ಪ ಹೊತ್ತಿನಲ್ಲಿ ಶೇಂಗಾ ಹೋಳಿಗೆ ಬಂತು, ಮೇಲೆ ತುಪ್ಪ!

ಬಸ್ಸಿನಲ್ಲಿ ಕೂತು ನನ್ನ ಮೊದಲ ಸಿದ್ಧಾಂತ ಬರೆದೆ: ಕುಂಭಾರಿಯಲ್ಲಿ ಪ್ರಶ್ನೆ ಆಳವಾದಷ್ಟೂ ಆತಿಥ್ಯ ಹೆಚ್ಚುತ್ತದೆ. ಆದರೆ ಒಂದೇ ಮನೆಯ ಪುರಾವೆ ವಿಜ್ಞಾನಕ್ಕೆ ಸಾಲದು. ಮರುದಿನದಿಂದ ಅದೇ ಓಣಿಯ ಮಿಕ್ಕ ಮನೆಗಳಿಗೂ ಹೋಗಿ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದೆ. ಎಲ್ಲೆಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೋ ಅಲ್ಲೆಲ್ಲ ಹೋಳಿಗೆ. ಗಂಡುಮಕ್ಕಳೇ ಇದ್ದ ಮನೆಯಲ್ಲಿ ಬರೀ ನೀರು. ಈ ವ್ಯತ್ಯಾಸಕ್ಕೆ ಬಾವಿಯ ನೀರಿನ ಗುಣ ಕಾರಣವಿರಬಹುದೆಂದು ಅಡಿಟಿಪ್ಪಣಿ ಹಾಕಿದೆ.

ಒಂದು ಸಂಜೆ ಹೆಂಡತಿ ಮಹಾನಂದಾ ಎದುರಿಗೆ ಬಂದು ಕೂತಳು. ಅಕ್ಕಲಕೋಟೆಯ ತವರಿನಿಂದ ಅವಳಿಗೆ ಏನೋ ಸುದ್ದಿ ಬಂದಿತ್ತು.

"ಕುಂಭಾರ್ಯಾಗ ಗುರುಸಿದ್ದಪ್ಪನೋರ ಮನ್ಯಾಗ ಹೋಳಿಗಿ ತಿಂದೀರೇನು?"

"ಹೂಂ."

"ತುಪ್ಪ ಹಾಕಿದ್ರೇನು?"

"ಧಾರಾಳ."

"ಹಂಗಾರ ನೀವು ಮಲ್ಲಿನಾಥಗ ಕನ್ಯಾ ಕೇಳಿ ಬಂದೀರಿ."

ನಾನು ವಂಶವೃಕ್ಷ, ಕ್ಷೇತ್ರಕಾರ್ಯ, ವೈಜ್ಞಾನಿಕ ವಿಧಾನ ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, ಇವೇ ಪ್ರಶ್ನೆಗಳನ್ನು ನನ್ನ ಸೋದರಮಾವ ಅವಳ ತವರಿಗೆ ಹೋಗಿ ಕೇಳಿದ್ದರಿಂದಲೇ ತಾನು ಇವತ್ತು ಇಲ್ಲಿ ಕೂತಿರುವುದು ಎಂದಳು. ನಾನು ವಂಶವೃಕ್ಷದ ಹಾಳೆಯನ್ನು ಮಡಿಸಿಟ್ಟೆ.

ನಾಳೆಯೇ ಹೋಗಿ ಸತ್ಯ ಹೇಳಿಬರುತ್ತೇನೆಂದು ಎದ್ದೆ. ಬಾಗಿಲಿಗೆ ಮಲ್ಲಿನಾಥ ಅಡ್ಡ ನಿಂತ. ಸುರೇಖಾ ತಾಯಿಯ ಜೊತೆ ಅಂಗಡಿಗೆ ಬಂದಿದ್ದಳಂತೆ. ಇಡೀ ಅಂಗಡಿಯ ಚಾದರ ಬಿಚ್ಚಿಸಿ ಒಂದೇ ಒಂದನ್ನು ಕೊಂಡರಂತೆ. ಆ ಒಂದು ಚಾದರ ಬಿಚ್ಚಿ ಮಡಿಸುವಷ್ಟರಲ್ಲಿ ಇವನ ಮನಸ್ಸು ಕಳೆದುಹೋಗಿತ್ತು. ಮಾತು ಕಡಿಮೆಯ ಹುಡುಗ, ನನ್ನ ಕೈ ಹಿಡಿದುಕೊಂಡು, "ಅಣ್ಣಾ, ನೀ ಇನ್ನ ಕುಂಭಾರಿಗಿ ಹೋಗಬ್ಯಾಡ" ಎಂದ. ವಿಜ್ಞಾನ ದಾರಿ ತಪ್ಪಿಯಾದರೂ ಒಂದು ಸಂಸಾರ ಕಟ್ಟುತ್ತದೆಂದರೆ ಬೇಡ ಅನ್ನಲು ನಾನು ಯಾರು? ಉಳಿದ ಮನೆಗಳ ಹೋಳಿಗೆಯ ವಿಷಯ ಆ ಹೊತ್ತಿನಲ್ಲಿ ಎತ್ತುವುದು ಉಚಿತವೆನಿಸಲಿಲ್ಲ.

ಸಭೆಯ ದಿನ ಬಂತು. ಪುಣೆಯಿಂದ ಅಧ್ಯಕ್ಷರು, ಸುತ್ತಲ ಊರುಗಳಿಂದ ಕನ್ನಡಕದ ವಿದ್ವಾಂಸರು ಬಂದು ಕೂತರು. ನಾನು ಗಂಟಲು ಸರಿಮಾಡಿಕೊಂಡು "ಮಾನ್ಯ ಅಧ್ಯಕ್ಷರೇ" ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಗುರುಸಿದ್ದಪ್ಪನವರು ತಮ್ಮ ಹೆಂಡತಿಯ ಅಣ್ಣನನ್ನು ಕರೆದುಕೊಂಡು ಬಂದಿದ್ದರು. ಒಪ್ಪಿಗೆ ಹೇಳಲು ಬಂದರೆಂದೇ ನನ್ನ ನಂಬಿಕೆ. ಹಿಂದೆ ಹೊಸ ಟೆರಿಲಿನ್ ಅಂಗಿಯಲ್ಲಿ ಮಲ್ಲಿನಾಥ ಬೆವರುತ್ತಿದ್ದ. ನಾನು ಗತ್ತಿನಿಂದ, ಪ್ರಬಂಧಕ್ಕಿಂತ ಮೊದಲು ಸಭೆಯು ಒಂದು ಜೀವಂತ ಉದಾಹರಣೆಯನ್ನು ಅವಲೋಕಿಸಬೇಕೆಂದು ವಿನಂತಿಸಿದೆ. ಅಧ್ಯಕ್ಷರು ಖುಷಿಯಾಗಿ ಪೆನ್ನು ತೆಗೆದರು.

ಇಷ್ಟೊಂದು ಜನ ನಮ್ಮ ಮನೆತನದ ಹಿರಿಯರೇ ಇರಬೇಕೆಂದು ತಿಳಿದ ಗುರುಸಿದ್ದಪ್ಪನವರು ಎಲ್ಲರಿಗೂ ಕೈಮುಗಿದರು.

"ಹಿರ್ಯಾರು ಕೂಡೀರಿ, ನಿಮ್ಮ ಮುಂದಽ ಕೇಳ್ತೀನಿ. ಇವ್ರು ನಮ್ಮ ಮನಿಗಿ ಬಂದು ಕನ್ಯಾ ಕೇಳಿದ್ರು. ಮರದಿನ ನಮ್ಮ ಬಾಜೂಮನ್ಯಾಗ ಕೇಳಿದ್ರು. ಆಮ್ಯಾಲ ಎದರಮನ್ಯಾಗ. ಓಣ್ಯಾಗ ಒಂದು ಹೆಣ್ಣ ಬಿಟ್ಟಿಲ್ಲ. ಇವ್ರ ತಮ್ಮ ಒಬ್ಬನಽ ಅದಾನೋ, ಹತ್ತು ಮಂದಿ ಅದಾರೋ?"

ಅಧ್ಯಕ್ಷರ ಪೆನ್ನು ನಿಂತಿತು. ಮಹಾನಂದಾ ಬಾಗಿಲಲ್ಲಿ ತಲೆಗೆ ಕೈಹಚ್ಚಿ ನಿಂತಳು. ಇನ್ನು ದಾರಿಯಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ನಾನು ಯಾರ ಹೆಣ್ಣನ್ನೂ ಕೇಳಲು ಬಂದಿರಲಿಲ್ಲ, ಪ್ರಬಂಧ ಬರೆಯಲು ಬಂದಿದ್ದೆ ಎಂದೆ.

ಅವರು ಸಿಟ್ಟು ಮಾಡಿದ್ದರೆ ಸಹಿಸಬಹುದಿತ್ತು. ಮೆತ್ತಗೆ ಹೇಳಿದರು: "ನಮ್ಮ ಓಣ್ಯಾಗ ಈಗ ಒಬ್ಬರ ಮಾರಿ ಒಬ್ಬರು ನೋಡವಲ್ರು. ಒಬ್ಬೊಬ್ಬರ ಮನ್ಯಾಗೂ ಹುಡುಗ್ಯಾರು ನಿಮ್ಮ ದಾರಿ ಕಾಯಾಕತ್ತಾರ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಗ ಹಿಂದಿನಿಂದ ಮಲ್ಲಿನಾಥ ಮುಂದೆ ಬಂದ. ಅವನು ಅಷ್ಟು ಜನರೆದುರು ಮಾತಾಡಿದ್ದು ಅದೇ ಮೊದಲು.

"ಅಣ್ಣ ಪ್ರಬಂಧಕ್ಕ ಕೇಳ್ಯಾನ್ರಿ. ನಾ ಖರೇನಽ ಕೇಳಾಕತ್ತೀನಿ."

ಗುರುಸಿದ್ದಪ್ಪನವರು ಅವನ ಕಡೆ ತಿರುಗಿದರು.

"ನಿಂದು ಆಮ್ಯಾಲ. ಮದಲ ನಿಮ್ಮಣ್ಣ ಕೇಳಿದ ಮನಿಗೆಲ್ಲಾ ತಾನಽ ಹೋಗಿ, ಕನ್ಯಾ ಕೇಳಾಕ ಬಂದಿದ್ದಿಲ್ಲ ಅಂತ ಹೇಳಿ ಬರ್ಲಿ. ಒಂದು ಮನಿ ತಪ್ಪಿದ್ರೂ ನಮ್ಮ ಹುಡುಗಿ ಇಲ್ಲ."

ಅಧ್ಯಕ್ಷರು ಮರಾಠಿಯಲ್ಲಿ, ಇದು ಅಪರೂಪದ ಮರುಅಧ್ಯಯನ, ಪ್ರಬಂಧವನ್ನು ಬರುವ ವರ್ಷ ನೋಡೋಣ ಎಂದರು. ಸಭೆ ಊಟಕ್ಕೆ ಎದ್ದಿತು. ಕುರ್ಚಿಗಳನ್ನು ನಾನೇ ಎತ್ತಿಟ್ಟೆ.

ಮರುದಿನ ಕುಂಭಾರಿ. ಕಾವಲಿಗೆ ಮಹಾನಂದಾ. ಓಣಿಯ ತುದಿಯಲ್ಲಿ ಗುರುಸಿದ್ದಪ್ಪನವರು ನಿಂತೇ ಇದ್ದರು. ನಾನು ಗಟ್ಟಿ ಮನಸ್ಸು ಮಾಡಿ ಒಂದೊಂದೇ ಮನೆಗೆ ಹೋಗಿ ಕೈಮುಗಿದೆ. ಒಬ್ಬರು ಬಾಗಿಲು ಅರ್ಧ ತೆರೆದೇ ಮಾತು ಮುಗಿಸಿದರು. ಇನ್ನೊಬ್ಬರು, ತಮ್ಮ ಹುಡುಗಿಯಲ್ಲಿ ಏನು ಕೊರತೆ ಕಂಡಿರಿ ಎಂದು ಜಗಳಕ್ಕೇ ನಿಂತರು. ಮತ್ತೊಂದು ಮನೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಂದ ಬರುವಾಗ ಮಹಾನಂದಾ ಕೂಡ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಕೊನೆಯ ಮನೆ. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕೂತಿದ್ದಳು, ಆ ಮನೆಯ ಹುಡುಗಿಯ ಅಜ್ಜಿ. ನನ್ನ ಮಾತೆಲ್ಲ ಸಮಾಧಾನದಿಂದ ಕೇಳಿ, ಬಾ ಕೂಡು ಎಂದಳು. ಬೆಳಗಿನಿಂದ ಈ ಮಾತು ಯಾರೂ ಅಂದಿರಲಿಲ್ಲ, ನನಗೆ ಅಳುವೇ ಬಂತು. ನಮ್ಮ ಬೆಡಗು ಕೇಳಿದಳು, ಹೇಳಿದೆ. ತಾಯಿಯ ತವರು ಕೇಳಿದಳು, ಹೇಳಿದೆ. ಅಜ್ಜನಿಗೆ ಎಷ್ಟು ಮಕ್ಕಳು, ಅತ್ತೆಯಂದಿರನ್ನು ಎಲ್ಲೆಲ್ಲಿ ಕೊಟ್ಟಿದ್ದೀರಿ, ಅವರ ಮಕ್ಕಳು ಏನು ಮಾಡುತ್ತಾರೆ, ಎಲ್ಲ ಕೇಳಿದಳು. ನಾನು ಹುರುಪಿನಿಂದ ಮುತ್ತಜ್ಜನವರೆಗೂ ಹೋದೆ. ಆಹಾ, ಎಂಥ ತಾಯಿ! ನನ್ನನ್ನು ಕ್ಷಮಿಸಿದ್ದಾಳೆ, ನಮ್ಮ ಮನೆತನ ಇವಳಿಗೆ ಒಪ್ಪಿಗೆಯಾಗಿದೆ. ನನ್ನ ಕಣ್ಣು ತಾನಾಗಿಯೇ ಅಡುಗೆಮನೆಯ ಬಾಗಿಲ ಕಡೆ ಹೋಯಿತು.

ಮುದುಕಿ ಸೀರೆ ಝಾಡಿಸಿಕೊಂಡು ಎದ್ದಳು.

"ಏನಿಲ್ಲಪ್ಪಾ, ಸುಮ್ಮ ಕೇಳಿದೆ. ಹೋಗಿ ಬಾ."

ಮಲ್ಲಿನಾಥನ ಮದುವೆ ನಿಶ್ಚಯವಾಯಿತು. ನನಗೆ ಆ ಮುದುಕಿ ನೀರನ್ನೂ ಕೊಡಲಿಲ್ಲ.