ಬೈಸಿಕೊಳ್ಳಲು ಹೊರಟ ನಮ್ಮ ಭಾವ

ಬೈಸಿಕೊಳ್ಳಬೇಕೆಂದು ವರ್ಷಗಟ್ಟಲೆ ಹಂಬಲಿಸಿ, ಒಬ್ಬರಿಂದಲೂ ಬೈಸಿಕೊಳ್ಳಲಾಗದೆ ಸೋತ ಮನುಷ್ಯ ಇಡೀ ಚಳ್ಳಕೆರೆಯಲ್ಲಿ ಒಬ್ಬರೇ. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ನಮ್ಮೂರಲ್ಲಿ ಬೈಗುಳಕ್ಕೇನು ಬರವೇ? ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವನಿಗೂ ಎರಡು ಮಾತು ಪುಕ್ಕಟೆ ಸಿಗುತ್ತವೆ. ಅಂಥ ಊರಲ್ಲಿದ್ದುಕೊಂಡು, ಜನ ಕೆರಳಲೆಂದೇ ಸಾಲಾಗಿ ನಾಲ್ಕು ಕಾದಂಬರಿ ಬರೆದರೂ ಭಾವನಿಗೆ ಸಿಕ್ಕಿದ್ದು ಚಹಾ ಮತ್ತು ನಮಸ್ಕಾರ ಮಾತ್ರ.

ಭಾವನದು ಕಂಬಳಿ ಅಂಗಡಿ. ಬೇಸಿಗೆಯಲ್ಲಿ ಕಂಬಳಿ ಕೇಳುವವರು ಯಾರು? ಭಾವ ಕಂಬಳಿ ಅಟ್ಟಿಯ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ಹಾಗೆ ಬರೆದ ಮೊದಲ ಕಾದಂಬರಿಯಲ್ಲಿ ಗಂಗಮ್ಮ ಅಂತ ಒಬ್ಬಳು ಇದ್ದಳು. ರೊಟ್ಟಿ ತಟ್ಟಿ ಮಾರಿ ಮಗನನ್ನು ಓದಿಸುವವಳು. ಅವಳಿಗೆ ಮೆಲ್ಲಗೆ ಕಿವಿ ಕೇಳಿಸದಾಗುತ್ತದೆ. ಅದನ್ನು ಯಾರಿಗೂ ಹೇಳದೆ, ಯಾರು ಏನು ಕೇಳಿದರೂ "ಹೂಂ" ಅನ್ನುತ್ತ ಮೂರು ವರ್ಷ ಕಳೆಯುತ್ತಾಳೆ. ಇಷ್ಟೇ ಕತೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಕತೆ ಓದಿ ಸುಲಭಕ್ಕೆ ಕರಗುವವನಲ್ಲ. ಅದನ್ನು ಓದಿ ಮುಗಿಸಿದ ದಿನ ಸ್ಟಾಫ್ ರೂಮಿನಿಂದ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ.

ಎಲ್ಲ ಕೆಟ್ಟದ್ದು ಒಂದು ಸಭೆಯಿಂದ. ಯಾರೋ ದೊಡ್ಡ ವಿದ್ವಾಂಸರು ಪುಸ್ತಕವನ್ನು ಎತ್ತಿ ಹಿಡಿದು, "ಇದೊಂದು ಸಭ್ಯ ಕೃತಿ" ಅಂದು ಕೆಳಗಿಟ್ಟು, ಇನ್ನೊಬ್ಬರ ಪುಸ್ತಕದ ಬಗ್ಗೆ ಮುಕ್ಕಾಲು ಗಂಟೆ ಕೂಗಾಡಿದರಂತೆ. ಆ ಪುಸ್ತಕದ ಲೇಖಕನ ಸುತ್ತ ಜನವೋ ಜನ. ಭಾವ ಒಬ್ಬರೇ ಬಸ್ಸು ಹತ್ತಿ ಬಂದರು. "ಲೇ, ಸಭ್ಯ ಅಂದ್ರೆ ಸತ್ತಂಗೆ ಕಣೋ. ಇನ್ಮೇಲೆ ನೋಡು, ಜನ ಬೆಚ್ಚಿ ಬೀಳಬೇಕು" ಅಂದರು.

ಬೆಚ್ಚಿ ಬೀಳಿಸುವ ಕೆಲಸ ಶುರುವಾಯಿತು. ಎರಡನೆಯ ಕಾದಂಬರಿಯ ಮೊದಲ ಪುಟದಲ್ಲೇ ಹೆಣ. ಮೂರನೆಯದರಲ್ಲಿ ಹೆಣಗಳ ಜೊತೆಗೆ, ಶಾಲೆಯಲ್ಲಿ ಪಾಠ ಮಾಡಲಾಗದ ಸಂಗತಿಗಳು. ಅಕ್ಷರ ತಪ್ಪು ತಿದ್ದುವ ಕೆಲಸ ಅಕ್ಕನದು. ಅವಳು ಅರ್ಧ ಓದಿ ಕನ್ನಡಕ ತೆಗೆದಳು.

"ಏನ್ರೀ, ಈ ಅಧ್ಯಾಯದಾಗೆ ಒಬ್ಬರ ಮೈಮೇಲೂ ಬಟ್ಟೆ ಇಲ್ಲ."

"ಅದು ಸಮಾಜದ ಬೆತ್ತಲೆತನ" ಎಂದರು ಭಾವ.

"ಇರ್ಲಿ. ಕಂಬಳಿ ಅಂಗಡಿ ಇಟ್ಕೊಂಡು ಒಬ್ಬರಿಗೂ ಹೊದಿಸಲಿಲ್ವಲ್ಲ ನೀವು" ಅಂತ ಹೇಳಿ ಅಕ್ಕ ಒಗ್ಗರಣೆ ಹಾಕಲು ಎದ್ದುಹೋದಳು.

ನಾಲ್ಕನೆಯದು ಬಂದಾಗ ಊರಲ್ಲಿ ಗಲಾಟೆ ಖಂಡಿತ ಎಂದು ಭಾವ ನಂಬಿದ್ದರು. ಮುಂಜಾಗ್ರತೆಗೆಂದು ಪೊಲೀಸ್ ಠಾಣೆಗೆ ಹೋಗಿ ರಕ್ಷಣೆ ಕೇಳಿದರು. ಜೊತೆಗೆ ನಾನೂ ಇದ್ದೆ, ದುರದೃಷ್ಟ. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ಲು ಕುರ್ಚಿ ಕೊಟ್ಟು, "ಯಾರ್ ಸಾರ್ ಬೆದರಿಕೆ ಹಾಕಿದ್ದು?" ಎಂದು ಕೇಳಿದ.

"ಇನ್ನೂ ಯಾರೂ ಹಾಕಿಲ್ಲ. ಹಾಕ್ತಾರೆ."

ಆತ ಪುಸ್ತಕ ತೆಗೆದುಕೊಂಡು ನಾಲ್ಕೈದು ಪುಟವನ್ನು ಸಾವಧಾನವಾಗಿ ಓದಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಇಂಥವು ನಮ್ಮತ್ರ ಬರ್ತಾನೇ ಇರ್ತಾವೆ ಸಾರ್. ಆದ್ರೆ ನಾವು ಬರೆಯುವಾಗ ಸತ್ತವನ ಹೆಸರು, ಅಪ್ಪನ ಹೆಸರು, ಊರು, ಹಾಕಿದ್ದ ಅಂಗಿ ಬಣ್ಣ ಎಲ್ಲ ಬರೀತೀವಿ. ನಿಮ್ಮದರಾಗೆ ಪಾಪ, ಅವನಿಗೆ ಅಪ್ಪನೂ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಆ ಮಾತನ್ನು ಊರೆಲ್ಲ ಹೇಳಿಕೊಂಡು ನಗಿಸಿದೆ ಕೂಡ. ಆದರೆ ಅದು ವಿಮರ್ಶೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಭಾವನಿಗೆ ಹೇಳುತ್ತಿದ್ದೆನೇ? ಅವರು "ಹೆಂಗೈತೋ?" ಅಂತ ಕೇಳಿದಾಗಲೆಲ್ಲ ನಾನು "ಭಯಂಕರವಾಗೈತೆ ಭಾವ" ಅನ್ನುತ್ತಿದ್ದೆ. ಎರಡು ಅರ್ಥದ ಮಾತು ಎಷ್ಟು ಅನುಕೂಲ ನೋಡಿ. ನಾನು ಸುಳ್ಳೂ ಹೇಳಿದಂತಾಗಲಿಲ್ಲ, ಅವರಿಗೆ ಬೇಜಾರೂ ಆಗಲಿಲ್ಲ. ಮೊದಲ ಕಾದಂಬರಿ ಓದಿ ಅಂಗಡಿಗೇ ಬಂದು ಮಾತಾಡಿಸಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಯಾರೂ ಜಗಳವಾಡಲಿಲ್ಲ, ಪುಸ್ತಕ ಸುಡಲಿಲ್ಲ. ಸುಮ್ಮನೆ ಬರಲಿಲ್ಲ.

ಐದನೆಯದು ಬಂದ ಮೇಲೆ ಒಂದು ದಿನ ಮೊಳಕಾಲ್ಮೂರಿನಿಂದ ಫೋನು ಬಂತು. ರೇಷ್ಮೆ ಸೀರೆ ನೇಯುವವರ ಮನೆಯ ಸೊಸೆಯಂತೆ. "ನಿಮ್ಮ ಪುಸ್ತಕದ ವಿಷಯ ನಮ್ಮತ್ತೆ ನಿಮ್ಮನ್ನ ಕಂಡು ಮಾತಾಡಬೇಕಂತೆ. ಬಾಳ ಬೇಜಾರು ಮಾಡ್ಕೊಂಡವ್ರೆ" ಅಂದಳಂತೆ. ಭಾವನ ಮುಖ ಅರಳಿತು. ಕೊನೆಗೂ ಒಬ್ಬರು ಕೆರಳಿದರು. ಭಾನುವಾರ ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು ಹೊರಟರು. ಕೈಚೀಲದಲ್ಲಿ ಇಸ್ತ್ರಿ ಮಾಡಿದ ಇನ್ನೊಂದು ಬಿಳಿ ಅಂಗಿ ಇತ್ತು. "ಇದ್ಯಾಕೆ ಭಾವ?" ಅಂದರೆ, "ಮಸಿ ಬಳಿದ್ರೆ ವಾಪಸ್ ಬರುವಾಗ ಬೇಕಲ್ಲ" ಅಂದರು.

ಮಸಿ ಬಳಿಯಬೇಕಿದ್ದ ಆ ಹೆಂಗಸಿಗೆ ಅರವತ್ತೈದರ ಮೇಲೆ ವಯಸ್ಸು. ಮಗ್ಗದಿಂದ ಎದ್ದುಬಂದು, "ಕೂಚೋಂಡಿ, ಕೂಚೋಂಡಿ" ಎಂದು ತೆಲುಗಿನಲ್ಲೇ ಕೂರಿಸಿ, ಚಾಪೆ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಇಟ್ಟರು. ಜನ್ಮವೆಲ್ಲ ಮಗ್ಗದ ಸದ್ದಿನಲ್ಲೇ ಕಳೆದ ಜೀವ, ಕಿವಿ ಮಂದ. ಹಾಗಾಗಿ ಅವರ ಮಾತು ಎದುರು ಮನೆಗೂ ಕೇಳುವಂತಿತ್ತು. ಬಾಗಿಲಲ್ಲಿ ನಾಲ್ಕು ಜನ ಬಂದು ನಿಂತರು. ಭಾವ ಬೈಗುಳಕ್ಕೆ ಸಿದ್ಧರಾಗಿ ನೆಟ್ಟಗೆ ಕೂತರು.

"ಸಾರ್, ನಿಮ್ಮ ಮೊದಲನೇ ಪುಸ್ತಕದಾಗೆ ಗಂಗಮ್ಮ ಎಲ್ಲದಕ್ಕೂ ಹೂಂ ಅಂತಾಳಲ್ಲ, ನಾನೂ ಹಂಗೇ ಅಂತಿದ್ದೆ. ನನ್ನ ಸೊಸೆ ಅದನ್ನ ಓದಿ, ನನ್ನ ಮುಂದೆ ಬಂದು ಕೂತು, ಅತ್ತೆ ನಿಮಗೂ ಕೇಳಿಸಲ್ವಾ ಅಂದ್ಲು. ಮನೆಯೋರಿಗೆ ಗೊತ್ತಾಗಿದ್ದೇ ಅವತ್ತು. ಅವತ್ತಿಂದ ಎಲ್ರೂ ನನ್ನ ಮುಖ ನೋಡಿ ಮಾತಾಡ್ತಾರೆ."

ಬಾಗಿಲಲ್ಲಿ ನಿಂತಿದ್ದ ಸೊಸೆ ತಲೆ ತಗ್ಗಿಸಿದಳು. ಭಾವ ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಇಟ್ಟರು.

"ಈಗಿನದ್ನೂ ಓದಿದೆ. ಒಂಬತ್ತು ಜನ ಸಾಯ್ತಾರೆ. ಒಬ್ಬರು ಸತ್ತಾಗಲೂ ನನಗೆ ಅಳು ಬರಲಿಲ್ಲ. ನನಗೇ ಏನೋ ಆಗೈತೆ, ಎದೆ ಕಲ್ಲಾಗೈತೆ ಅಂತ ಹೆದರ್ಕೊಂಡೆ. ಹಳೇ ಪುಸ್ತಕ ತೆಗೆದು ಮತ್ತೆ ಓದಿದೆ. ಅತ್ತುಬಿಟ್ಟೆ, ಸಾರ್. ನನಗೇನೂ ಆಗಿಲ್ಲ." ಆಕೆ ಮುಂದಕ್ಕೆ ಬಗ್ಗಿ ಭಾವನ ಮುಖವನ್ನೇ ನೋಡಿದರು. "ನಿಮಗೆ ಏನಾಯ್ತು? ಮನೇಲಿ ಎಲ್ಲ ಚೆನ್ನಾಗವ್ರಾ? ಅದನ್ನ ಕೇಳೋಣಾಂತಲೇ ಕರೆಸಿದ್ದು."

ಐದು ಪುಸ್ತಕ ಬರೆದ ಭಾವ ತಟ್ಟೆಯನ್ನೇ ನೋಡುತ್ತ "ಚೆನ್ನಾಗವ್ರೆ ತಾಯಿ" ಅಂದರು. ಆಕೆಗೆ ಕೇಳಿಸಲಿಲ್ಲ. ಭಾವ ಮುಖ ಎತ್ತಿ ಇನ್ನೊಮ್ಮೆ ಹೇಳಬೇಕಾಯಿತು.

ವಾಪಸ್ ಬರುವ ಬಸ್ಸಿನಲ್ಲಿ ಭಾವ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ತಳಕು ಊರಿನ ಹತ್ತಿರ ಬಂದಾಗ ತಿರುಗದೆಯೇ ಕೇಳಿದರು.

"ನಿಜ ಹೇಳು. ಐದನೇದು ನೀನು ಓದಿದ್ಯಾ?"

"ಪೂರ್ತಿ ಓದಿಲ್ಲ ಭಾವ."

"ಎಲ್ಲಿಗೆ ಬಿಟ್ಟೆ?"

"ನಲವತ್ತನೇ ಪುಟ."

"ನಾನೂ ಅಲ್ಲಿಗೇ ಬಿಡಬೇಕಿತ್ತು" ಅಂದರು.

ಇಷ್ಟು ವರ್ಷ ಆ ಮನುಷ್ಯ ಕೇಳಿದ್ದು "ಹೆಂಗೈತೋ?" ಅನ್ನುವ ಒಂದೇ ಪ್ರಶ್ನೆ. ಕನ್ನಡ ಮೇಷ್ಟ್ರಾದ ನಾನು ಅದಕ್ಕೆ ಒಮ್ಮೆಯಾದರೂ ನೆಟ್ಟಗೆ ಉತ್ತರ ಕೊಟ್ಟಿದ್ದರೆ, ಬಹುಶಃ ಮೂರನೆಯದಕ್ಕೇ ನಿಲ್ಲಿಸುತ್ತಿದ್ದರು. ಅವರನ್ನು ನೋಡಿ ನಕ್ಕವರ ಪೈಕಿ ಮುಂದಿನ ಸಾಲಿನಲ್ಲಿ ಇದ್ದವನು ನಾನು. ಅವರ ಪುಸ್ತಕಕ್ಕಾಗಿ ಬೇಜಾರು ಮಾಡಿಕೊಳ್ಳಲು ಮಾತ್ರ ಮೊಳಕಾಲ್ಮೂರಿನ ಯಾರೋ ತಾಯಿ ಬೇಕಾದರು.

"ಹೆಣ ಬರೆಯೋದು ಸುಲಭ ಕಣಪ್ಪಾ" ಎಂದರು ಭಾವ. "ಬರೆದು ಎದ್ದು ಊಟ ಮಾಡಬಹುದು, ಏನೂ ಆಗಲ್ಲ. ಗಂಗಮ್ಮನ್ನ ಬರೆಯುವಾಗ ಹಂಗಿರಲಿಲ್ಲ. ಅವಳು ನಮ್ಮವ್ವ."

ನನಗೆ ಅದು ಗೊತ್ತಿರಲಿಲ್ಲ. ಅಕ್ಕನಿಗಾದರೂ ಗೊತ್ತಿತ್ತೋ ಇಲ್ಲವೋ.

"ನಾವು ಹುಡುಗರು ಅವ್ವನ ಬೆನ್ನ ಹಿಂದೆ ನಿಂತು ಏನೇನೋ ಹೆಸರು ಕೂಗ್ತಿದ್ವಿ. ಅವಳಿಗೆ ಕೇಳಿಸ್ತಿರಲಿಲ್ಲ. ಗೆಳೆಯರೆಲ್ಲ ನಗೋರು. ಕೂಗ್ರೋ ಅಂತ ಅವರಿಗೆ ಹೇಳಿಕೊಟ್ಟೋನು ನಾನೇ. ಒಂದಿನ ಅವಳು ತಟ್ಟನೆ ತಿರುಗಿ ನೋಡಿದ್ಲು. ನಾವೆಲ್ಲ ನಗ್ತಾ ಇದ್ವಿ. ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನಮ್ಮ ಜೊತೆ ಅವಳೂ ನಕ್ಕಳು."

ಭಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು.

"ಅದೊಂದು ಬರೆಯೋಕೆ ಆಗಲಿಲ್ಲ. ಅದನ್ನ ಬಿಟ್ಟು ಇನ್ನೆಲ್ಲ ಬರೆದೆ."

ನನ್ನ ಬಾಯಿಗೆ ಅಭ್ಯಾಸದ ಮಾತುಗಳು ನಾಲ್ಕಾರು ಬಂದವು. ಅವನ್ನೆಲ್ಲ ಬಿಟ್ಟು ಅವರ ತೊಡೆಯ ಮೇಲಿದ್ದ ಕೈ ಹಿಡಿದುಕೊಂಡೆ. ಇಪ್ಪತ್ತೆಂಟು ವರ್ಷದ ನೆಂಟಸ್ತನದಲ್ಲಿ ನಾನು ಅವರ ಕೈ ಹಿಡಿದದ್ದು ಅದೇ ಮೊದಲು. ಬಸ್ಸು ಚಳ್ಳಕೆರೆ ಸ್ಟ್ಯಾಂಡಿಗೆ ಬಂದು ನಿಂತಿತು, ಜನರೆಲ್ಲ ಇಳಿದರು. ಇನ್ನೂ ಕೂತೇ ಇದ್ದ ನಮಗೆ ಬೈಯಲು ಬಾಯಿ ತೆರೆದ ಕಂಡಕ್ಟರ್, ಹಿಡಿದ ಕೈಗಳನ್ನು ನೋಡಿ ಕೆಳಗಿಳಿದು ಹೋದ.