ಮೇಲಿನೂರಿನ ಮಾಲ್ಟು, ಕೆಳಗಿನೂರಿನ ರಕ್ತ

ಮೆಡಿಕಲ್ ಕಾಲೇಜು ಅಂದರೆ ಜನರಿಗೆ ಡಾಕ್ಟರು, ನರ್ಸು, ಬಿಳಿ ಕೋಟು ಇಷ್ಟೇ ನೆನಪಾಗುತ್ತವೆ. ಇವರ ನಡುವೆ ಫೈಲು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ನನ್ನಂಥ ಪ್ರಾಣಿಯೊಂದು ಇರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ದೊಡ್ಡಬಳ್ಳಾಪುರದ ಕಡೆಯ ಒಂದು ಕಾಲೇಜಿನ ಸಮುದಾಯ ಆರೋಗ್ಯ ವಿಭಾಗದಲ್ಲಿ ನಾನು ಸಂಶೋಧನೆಯ ಅನುದಾನ ನೋಡಿಕೊಳ್ಳುತ್ತೇನೆ. ಎಲ್ಲ ನಿಯಮದ ಪ್ರಕಾರವೇ ನಡೆಯಿತು ಅಂತ ದುಡ್ಡು ಕೊಟ್ಟವರನ್ನು ನಂಬಿಸುವುದೂ ನನ್ನ ಪಾಲಿನ ಕೆಲಸವೇ. ನಿಯಮವನ್ನು ಎಲ್ಲೋ ಎಸಿ ರೂಮಿನಲ್ಲಿ ಕೂತು ಬರೆಯುತ್ತಾರೆ, ನಾನು ಅದನ್ನು ಹಳ್ಳಿಗೆ ಹೊತ್ತುಕೊಂಡು ಹೋಗುತ್ತೇನೆ, ಹಾಗಾಗಿ ಆಗಾಗ ನಗೆಪಾಟಲಾಗದೆ ವಿಧಿಯಿಲ್ಲ. ಅದರಲ್ಲೂ ರಾಗಿ ಮಾಲ್ಟಿನ ಕತೆ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಮಾತ್ರ ಯಾಕೋ ಊಟ ಸೇರುವುದಿಲ್ಲ.

ಚೀಟಿ ಎತ್ತಿದ್ದು

ನಮ್ಮ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅಂತಲೇ ಕರೆಯುವುದು. ರಕ್ತ ಕಡಿಮೆಯಿರುವ ಬಸುರಿ ಹೆಂಗಸರಿಗೆಂದು ಅವರು ಕಬ್ಬಿಣದ ಅಂಶ ಸೇರಿಸಿದ ರಾಗಿ ಮಾಲ್ಟ್ ತಯಾರು ಮಾಡಿಸಿದ್ದರು. ಅದನ್ನು ಕುಡಿದರೆ ರಕ್ತ ಏರುತ್ತದೆ ಅಂತ ಮೊದಲು ಎರಡು ಊರಲ್ಲಿ ತೋರಿಸಬೇಕು. ತೋರಿಸಿದರೆ ತಾಲ್ಲೂಕಿನ ಬಸುರಿಯರಿಗೆಲ್ಲ ಕೊಡುವಷ್ಟು ಅನುದಾನ ಸಿಗುತ್ತಿತ್ತು. ನಿವೃತ್ತಿಯಾಗುವುದರೊಳಗೆ ಇದೊಂದು ಆಗಿಬಿಡಲಿ ಅನ್ನುವುದು ಮೇಡಂ ಆಸೆ.

ಆರಿಸಿಕೊಂಡದ್ದು ಒಂದು ಕೆರೆಯ ಮೇಲಿನೂರು ಮತ್ತು ಕೆಳಗಿನೂರನ್ನು. ಒಂದು ಊರಿಗೆ ಮಾಲ್ಟ್, ಇನ್ನೊಂದಕ್ಕೆ ಇಲ್ಲ. ಸರ್ಕಾರದ ಕಬ್ಬಿಣದ ಮಾತ್ರೆ ಎರಡೂ ಕಡೆ ಮಾಮೂಲಿ. ಕೊನೆಗೆ ಎರಡೂರಿನ ರಕ್ತ ಹೋಲಿಸಿ ನೋಡುವುದು. ಯಾವ ಊರಿಗೆ ಮಾಲ್ಟ್ ಅನ್ನುವುದನ್ನು ಹಾಲಿನ ಡೈರಿ ಮುಂದೆ ಚೀಟಿ ಎತ್ತಿ ತೀರ್ಮಾನಿಸಿದೆವು. ಮೇಲಿನೂರಿಗೆ ಬಂತು.

ಕೆಳಗಿನೂರಿನ ಡೈರಿ ಅಧ್ಯಕ್ಷರು ಎದ್ದು ನಿಂತರು. "ಅವ್ರಿಗೆ ಮಾಲ್ಟು. ನಮ್ಗೇನು?"

"ನಿಮ್ಮೂರಿನೋರಿಗೆ ತಿಂಗಳಿಗೊಂದು ಸಲ ರಕ್ತ ಪರೀಕ್ಷೆ," ಎಂದೆ.

"ಅಂದ್ರೆ ಅವ್ರಿಗೆ ಡಬ್ಬಿ, ನಮ್ಗೆ ಸೂಜಿ!"

"ಹಾಗಲ್ಲ ಯಜಮಾನ್ರೇ, ಇದು ವಿಜ್ಞಾನ."

"ಇರ್ಬೋದು ಕಣಪ್ಪ," ಅಂದರು ಅವರು ಟವೆಲ್ ಕೊಡವಿಕೊಳ್ಳುತ್ತಾ. "ನಮ್ ಕಡೆ ಇದುಕ್ಕೆ ಪಕ್ಷಪಾತ ಅಂತೀವಿ."

ಖಾಲಿ ಬಾರದ ಡಬ್ಬಿ

ಮಾಲ್ಟ್ ಕುಡಿದು ಮುಗಿಯುವ ವಸ್ತು. ಅದನ್ನು ತುಂಬಿಕೊಡುವ ಸ್ಟೀಲ್ ಡಬ್ಬಿ ಹಾಗಲ್ಲ, ನಿಯಮದ ಪ್ರಕಾರ ಅದು ಆಸ್ತಿ. ಪ್ರತಿ ಡಬ್ಬಿಗೂ ನಂಬರಿನ ಸ್ಟಿಕ್ಕರ್ ಅಂಟಿಸಿದೆ. ಹಳೇ ಡಬ್ಬಿ ತಂದುಕೊಟ್ಟವರಿಗೇ ಹೊಸ ಮಾಲ್ಟ್ ಅಂತ ಕಟ್ಟುನಿಟ್ಟು ಮಾಡಿದೆ. ನಾನು ಒಳ್ಳೇ ಬಂದೋಬಸ್ತು ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೂ ಆಯಿತು.

ಡಬ್ಬಿಗಳೇನೋ ಬಂದವು. ಒಂದೂ ಖಾಲಿ ಬರಲಿಲ್ಲ. ಇನ್ನೊಬ್ಬರ ಮನೆ ಪಾತ್ರೆಯನ್ನು ಬರಿದು ಮಾಡಿ ವಾಪಸ್ ಕೊಡುವ ಪದ್ಧತಿ ನಮ್ಮ ಕಡೆ ಎಲ್ಲುಂಟು? ಒಂದರಲ್ಲಿ ಅವರೆಕಾಳು, ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಹುಚ್ಚೆಳ್ಳು ಚಟ್ನಿಪುಡಿ. ಒಂದರಲ್ಲಿ ರಾಗಿಯೊಳಗೆ ಹುದುಗಿಸಿಟ್ಟ ನಾಟಿ ಕೋಳಿ ಮೊಟ್ಟೆ. ಎರಡು ಮೂರರಲ್ಲಿ ದ್ರಾಕ್ಷಿ.

ಸಂಶೋಧನೆಗೆ ಒಳಗಾದವರಿಂದ ಉಡುಗೊರೆ ತೆಗೆದುಕೊಳ್ಳಬಾರದು ಅಂತ ಇನ್ನೊಂದು ನಿಯಮ. ವಾಪಸ್ ಕಳಿಸೋಣ ಅಂದರೆ ನಮ್ಮ ಹಳ್ಳಿ ಕೆಲಸದ ಸಿಸ್ಟರ್ ಕೈ ಮುಗಿದರು. "ಬಸುರಿ ಹೆಂಗಸರು ಕೊಟ್ಟಿದ್ದನ್ನ ಮುಖಕ್ಕೆ ಎಸೆದಂಗೆ ಆಗುತ್ತೆ ಸಾರ್, ಆ ಪಾಪ ನನಗೆ ಬೇಡ." ಸರಿ, ಎಲ್ಲವನ್ನೂ ಸ್ಟೋರಿನಲ್ಲಿಟ್ಟು ಬೀಗ ಹಾಕಿದೆ. ಗ್ರಹಚಾರಕ್ಕೆ ಮರುದಿನವೇ ಆಡಿಟರ್ ಬಂದರು.

ಸ್ಟೋರಿನ ಬಾಗಿಲು ತೆಗೆಸಿ ಅವರು ಕಣ್ಣು ಕಣ್ಣು ಬಿಟ್ಟರು. "ಏನ್ರೀ ಇದು? ಎಲ್ಲಾ ಕಡೆ ಸ್ಟಾಕು ಕಮ್ಮಿ ಬರುತ್ತೆ, ನಿಮ್ಮಲ್ಲಿ ಜಾಸ್ತಿ ಬಂದಿದೆಯಲ್ರೀ!"

ನಾನು ವಿಷಯ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು ದ್ರಾಕ್ಷಿ ಡಬ್ಬಿಗಳನ್ನು ಹತ್ತಿರ ಎಳೆದುಕೊಂಡರು. "ಇದು ಬೇಗ ಕೆಡೋ ವಸ್ತು. ತಕ್ಷಣ ವಿಲೇವಾರಿ ಆಗಬೇಕು," ಅಂದವರೇ ಕೂತಲ್ಲೇ ಅಷ್ಟನ್ನೂ ವಿಲೇವಾರಿ ಮಾಡಿದರು.

ಕಿವಿ ಸೋರುವ ಭಯ

ಆಡಿಟರ್ ಹೋದ ಮೇಲೆ ಸಿಸ್ಟರ್ ಮೆಲ್ಲಗೆ ಹೇಳಿದರು: "ಸಾರ್, ಮೇಲಿನೂರಲ್ಲಿ ದ್ರಾಕ್ಷಿ ತೋಟಾನೇ ಇಲ್ಲ. ಇರೋದೆಲ್ಲಾ ಕೆಳಗಿನೂರಲ್ಲಿ."

ಅಂದರೆ ಡಬ್ಬಿ ಕೆಳಗಿನೂರಿಗೆ ಹೋಗಿ ಬಂದಿದೆ. ಮಾಲ್ಟ್ ಕೆಳಗಿನೂರಿಗೆ ಹೋದರೆ ಹೋಲಿಕೆ ಮಾಡುವುದೇನನ್ನು? ದ್ರಾಕ್ಷಿ ಬಂದಿದ್ದ ಒಂದು ಡಬ್ಬಿಯ ನಂಬರು ಹಿಡಿದು ಮೇಲಿನೂರಿನ ಒಂದು ಮನೆಗೆ ಹೋದೆ. ಏಳು ತಿಂಗಳ ಬಸುರಿ ಹುಡುಗಿ ಜಗಲಿ ಮೇಲೆ ಕೂತಿದ್ದಳು.

"ಡಬ್ಬಿ ಕೆಳಗಿನೂರಿಗೆ ಹೋಗಿತ್ತೇನಮ್ಮಾ?"

"ಊಂ ಸಾರ್. ನಮ್ಮಕ್ಕನ್ನ ಅಲ್ಲಿಗೇ ಕೊಟ್ಟಿರೋದು. ಅವ್ಳೂ ಬಸ್ರಿ."

"ಅದು ನಿನಗೆ ಮಾತ್ರ ಅಂತ ಹೇಳಿರಲಿಲ್ವಾ?"

ಅವಳು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದಳು. "ಬಸ್ರಿ ಹೆಂಗ್ಸನ್ನ ಬಿಟ್ಟು ತಿಂದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ ಸಾರ್. ನಿಮ್ ಮನೇಲಿ ಯಾರೂ ಹೇಳ್ಲಿಲ್ವಾ?"

ನಮ್ಮ ಮನೆಯಲ್ಲೂ ಹೇಳಿದ್ದರು. ನಮ್ಮ ಅಮ್ಮ ಹೋಳಿಗೆ ಮಾಡಿದ ದಿನ ಪಕ್ಕದ ಮನೆಯ ಬಸುರಿಗೆ ಕೊಟ್ಟು ಬರುವವರೆಗೆ ನಮಗೆ ಎಲೆ ಹಾಕುತ್ತಿರಲಿಲ್ಲ. ಆದರೂ ಅಧ್ಯಯನ ಶುರು ಮಾಡುವಾಗ ನನಗಾಗಲಿ ಮೇಡಂಗಾಗಲಿ ಇದು ಹೊಳೆಯಲಿಲ್ಲವಲ್ಲ ಅಂತ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಹೆಣ್ಣು ಕೊಟ್ಟು ತಂದು ಮಾಡುವ ಎರಡು ಊರುಗಳನ್ನೇ ಹುಡುಕಿ ಆರಿಸಿದ್ದೆವು. ವಿಚಾರಿಸಿದರೆ, ಕೆಳಗೆ ಡಬ್ಬಿ ಕಳಿಸದ ಮನೆ ಮೇಲಿನೂರಲ್ಲಿ ಒಂದೂ ಇರಲಿಲ್ಲ.

ಮುಚ್ಚಿಡುವ ಹಾಗಿಲ್ಲ. ಕಾಲೇಜಿನ ನೈತಿಕ ಸಮಿತಿಗೆ ವರದಿ ಬರೆದೆ: ಮಾಲ್ಟ್ ಪಕ್ಕದ ಊರಿಗೆ ಹೋಗಿದೆ, ಕಾರಣ ಮಗುವಿನ ಕಿವಿ ಸೋರುವ ಭಯ. ಸಮಿತಿಯಿಂದ ಉತ್ತರ ಬಂತು: "ಈ ಬಗ್ಗೆ ಕಿವಿ ಮೂಗು ಗಂಟಲು ತಜ್ಞರ ಅಭಿಪ್ರಾಯ ಲಗತ್ತಿಸಿ."

ಎದುರಿಗೇ ಕುಡಿಯಬೇಕು

ಇನ್ನು ಮನೆಗೆ ಡಬ್ಬಿ ಕೊಡುವುದು ಬೇಡ, ಮೇಲಿನೂರಿನ ಅಂಗನವಾಡಿಗೆ ಬಂದು ಸಿಸ್ಟರ್ ಎದುರಿಗೇ ಕುಡಿಯಬೇಕು ಅಂತ ಆದೇಶ ಮಾಡಿದೆವು. ಮೇಲಿನೂರಿನವರು ಬಂದರು. ಜೊತೆಗಿರಲಿ ಅಂತ ಕೆಳಗಿನೂರಿನ ಅಕ್ಕ, ತಂಗಿ, ನಾದಿನಿಯರನ್ನೂ ಕರೆತಂದರು. ಅವರೂ ಬಸುರಿಯರೇ. ಎಲ್ಲರೂ ಸಾಲಾಗಿ ಚಾಪೆ ಮೇಲೆ ಕೂತರು.

"ಸಿಸ್ಟರ್, ಇದೇನು? ಕೆಳಗಿನೂರಿನೋರಿಗೆ ಎದ್ದು ಹೋಗಿ ಅನ್ನಬೇಕು ತಾನೇ?" ಎಂದು ಗದರಿದೆ.

"ನನಗೆ ನಾಲಿಗೆ ಏಳಲ್ಲ ಸಾರ್. ನೀವು ಒಂದ್ಸಲ ಹೇಳಿ ತೋರಿಸಿ, ಕಲಿತ್ಕೋತೀನಿ."

ಅಷ್ಟರಲ್ಲಿ ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಬಸ್ಸು ಬಂದು ನಿಂತಿತು. ತುಂಬು ಬಸುರಿಯೊಬ್ಬಳು ಶಿಫ್ಟು ಮುಗಿಸಿಕೊಂಡು ಇಳಿದು, ಏದುಸಿರು ಬಿಡುತ್ತಾ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಕೆಳಗಿನೂರಿನವಳು. ಸಿಸ್ಟರ್ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ಅವಳ ಎದುರು ನಿಂತೆ. ನಿಯಮವೆಲ್ಲ ಬಾಯಿಪಾಠವಿತ್ತು. ಬಾಯಿ ತೆರೆದರೆ ಬಂದದ್ದು, "ಕುಡಿಯಕ್ಕೆ ನೀರು ಕೊಡ್ಲೇನಮ್ಮಾ?"

ಅವಳು ಮಾಲ್ಟ್ ಪಾತ್ರೆ ಕಡೆ ನೋಡಿದಳು. "ಬರೀ ನೀರಾ ಸಾರ್?"

ಸಿಸ್ಟರ್ ಒಂದು ಲೋಟ ಮಾಲ್ಟ್ ತುಂಬಿ ಅವಳ ಕೈಗಿಟ್ಟು ನನ್ನ ಕಡೆ ತಿರುಗಿದರು. "ಕಲಿತ್ಕೊಂಡೆ ಬಿಡಿ ಸಾರ್."

ಸಾಕ್ಷಿ

ಎರಡು ವರ್ಷವಾಯಿತು. ಮೇಲಿನೂರಿನ ರಕ್ತ ಏರಿತ್ತು, ಕೆಳಗಿನೂರಿನದೂ ಏರಿತ್ತು, ಎರಡೂ ಒಂದೇ ಸಮ. ನೋಡಿದ ಕೂಡಲೇ ಮೇಡಂ ಖುಷಿಗೆ ಕೈ ತಟ್ಟಿದರು, ಆಮೇಲೆ ಹಾಗೇ ಕುರ್ಚಿಯಲ್ಲಿ ಕುಸಿದರು.

ಅನುದಾನ ಕೊಟ್ಟ ಸಂಸ್ಥೆಯವರು ಕಂಪ್ಯೂಟರ್ ಪರದೆಯ ಮೇಲೆ ಬಂದು ಕೂತರು. "ಮಾಲ್ಟ್ ಇದ್ದ ಊರಿಗೂ ಇಲ್ಲದ ಊರಿಗೂ ವ್ಯತ್ಯಾಸವೇ ಇಲ್ಲ. ಅಂದಮೇಲೆ ರಕ್ತ ಏರಿದ್ದು ಸರ್ಕಾರದ ಮಾತ್ರೆಯಿಂದ," ಅಂದರು. ಮಾತ್ರೆ ಮೊದಲೂ ಇತ್ತು, ಆಗ ಏರಿರಲಿಲ್ಲ, ಇವರು ಹಂಚಿಕೊಂಡು ಕುಡಿದಿದ್ದಾರೆ ಅಂತ ಮೇಡಂ ಗಂಟಲು ಒಣಗುವವರೆಗೆ ಹೇಳಿದರು.

"ಹಂಚಿದ್ದಾರೆ ಅಂತ ನಿಮ್ಮ ವರದಿಯಲ್ಲಿದೆ. ಯಾರಿಗೆ ಎಷ್ಟು ಹೋಯಿತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇದೆಯಾ?"

ಮೇಡಂ ನನ್ನ ಕಡೆ ನೋಡಿದರು. ನನ್ನ ಬಳಿ ಇದ್ದ ಒಂದೇ ಗಟ್ಟಿ ಸಾಕ್ಷಿ ಅಂದರೆ ಆ ದ್ರಾಕ್ಷಿ. ಅದನ್ನು ಆಡಿಟರ್ ಬೀಜ ಸಮೇತ ನುಂಗಿದ್ದರು.

ಸಮಾಧಾನ

ಮುಂದಿನ ಅನುದಾನ ಬರಲಿಲ್ಲ. ಆ ತಿಂಗಳ ಕೊನೆಗೆ ಮೇಡಂ ನಿವೃತ್ತಿ. ಇಷ್ಟು ದಿನ ಕೈಯೊಡ್ಡಿ ರಕ್ತ ಕೊಟ್ಟವರಿಗೆ ಫೋನಿನಲ್ಲಿ ಹೇಳುವುದು ಸರಿಯಲ್ಲ ಅಂತ ಅವರೇ ಹಟ ಹಿಡಿದು ನನ್ನನ್ನೂ ಕರೆದುಕೊಂಡು ಕೆಳಗಿನೂರಿಗೆ ಹೋದರು. ಮೇಲಿನೂರಿನವರೂ ಅಲ್ಲಿಗೇ ಬಂದಿದ್ದರು.

"ಇನ್ಮೇಲೆ ಮಾಲ್ಟ್ ಬರಲ್ಲಮ್ಮಾ," ಅಂದರು ಮೇಡಂ. "ಬೇರೆ ಊರುಗಳಿಗೂ ಕೊಡಬೇಕು ಅಂತ ಇತ್ತು. ಅದೂ ಆಗಲಿಲ್ಲ."

ಅವತ್ತು ಫ್ಯಾಕ್ಟರಿ ಬಸ್ಸಿನಿಂದ ಇಳಿದು ಬಂದಿದ್ದವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ನಾವು ಹಂಚ್ಕೊಂಡಿದ್ದಕ್ಕೆ ಹಿಂಗಾಯ್ತಾ ಮೇಡಂ?" ಎಂದಳು.

"ಇಲ್ಲ ಕಣಮ್ಮ. ನೀವು ಮಾಡಿದ್ದು ಸರಿಯಾಗೇ ಇತ್ತು. ನಮಗೇ ಅದನ್ನ ಹೇಳಿ ಒಪ್ಪಿಸೋಕೆ ಬರಲಿಲ್ಲ." ಅಷ್ಟು ಹೇಳುವುದರೊಳಗೆ ಮೇಡಂ ಕಣ್ಣು ತುಂಬಿಕೊಂಡಿತು. ನಾನೂ ತಡೆಯಲಾಗದೆ ಕೆರೆ ಕಡೆ ಮುಖ ತಿರುಗಿಸಿದೆ. ಗರ್ಭಿಣಿಯರ ರಕ್ತ ಏರಿದ್ದು ನಿಜ, ಮಕ್ಕಳು ಕಣ್ಣೆದುರು ಆಡುತ್ತಿದ್ದದ್ದೂ ನಿಜ. ತಾಲ್ಲೂಕಿನ ಉಳಿದ ಹೆಂಗಸರಿಗೆ ಮಾತ್ರ ಒಂದು ಲೋಟವೂ ಸಿಗದೆ ಹೋಯಿತು.

ಆಗ ಆ ಫ್ಯಾಕ್ಟರಿ ಹುಡುಗಿಯ ಅತ್ತೆ ಮುಂದೆ ಬಂದು ಮೇಡಂ ಕೈ ಹಿಡಿದುಕೊಂಡರು. "ಇಷ್ಟಕ್ಕೆಲ್ಲಾ ಯಾಕವ್ವಾ ಕಣ್ಣಲ್ಲಿ ನೀರು? ಇನ್ನೊಂದು ಕಿತ ಮಾಡನ. ಈ ಸಲ ನಮ್ಮೂರಿಗೆ ಕೊಡು, ಮೇಲಿನೂರಿಗೆ ಬ್ಯಾಡ. ಆಗ ನಿನ್ ಲೆಕ್ಕ ಸರಿ ಬತ್ತದೆ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ ನಾನು ಕೇಳಿದೆ: "ಆಗ ನೀವು ಅವರಿಗೆ ಕೊಡಲ್ಲ ತಾನೇ ಅಜ್ಜಿ?"

ಅಜ್ಜಿ ನನ್ನ ಕಡೆ ತಿರುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕೊಡದೆ ಇರಕ್ಕಾಯ್ತದೇನಪ್ಪಾ? ಎರಡು ವರ್ಸ ಅವ್ರದ್ದು ಕುಡುದಿದೀವಿ. ಈ ಸಲ ನಾವು ಕುಡೀದಿದ್ರೂ ಪರವಾಗಿಲ್ಲ, ಅವ್ರಿಗೆ ಮೊದಲು ಹೋಯ್ತದೆ!"