ಫ್ರಿಜ್ಜಿನಲ್ಲಿ ಉಣ್ಣಿ, ಪಡಸಾಲೆಯಲ್ಲಿ ಬೀಗರು

ಅರ್ಥವಾಗದ ಮಾತಿಗೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಗದಗ-ಬೆಟಗೇರಿಯಲ್ಲಿ ಇರಲಾರರು. ಡಾಕ್ಟರು ಯಾವ ಮಾತ್ರೆ ಯಾವಾಗ ಎಂದು ವಿವರಿಸಿದರೂ ಆಡಿಸುತ್ತೇನೆ, ಅಂಗಡಿಯವನು ಹೊಸ ಫೋನಿನ ಗುಣಗಾನ ಮಾಡಿದರೂ ಆಡಿಸುತ್ತೇನೆ. ಮನೆಗೆ ಬಂದಾಗ ಹೆಂಡತಿ ಶಾಂತಾ "ಏನಂದ್ರರಿ ಅವರು?" ಎಂದು ಕೇಳಿದ ಮೇಲೆಯೇ ನನಗೆ ಏನೂ ತಿಳಿದಿಲ್ಲವೆಂಬುದು ತಿಳಿಯುವುದು. ಮೊನ್ನೆಯವರೆಗೆ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ನನ್ನ ಮಗಳು ವಿದ್ಯಾ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ವಿಷಯ ಉಣ್ಣಿ, ದನಕ್ಕೂ ನಾಯಿಗೂ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಅದೇ. ರಜೆಗೆ ಬಂದರೆ ಪಕ್ಕದ ಹಳ್ಳಿ ಮಲ್ಲಸಮುದ್ರಕ್ಕೆ ಹೋಗಿ, ಎಮ್ಮೆಗಳ ಕಿವಿಯಿಂದ ಚಿಮಟದಲ್ಲಿ ಕಿತ್ತು, ಪುಟ್ಟ ಸೀಸೆಗಳಲ್ಲಿ ತುಂಬಿ ತಂದು ನಮ್ಮ ಫ್ರಿಜ್ಜಿನಲ್ಲಿಡುತ್ತಾಳೆ, ಕೊತ್ತಂಬರಿಯ ಪಕ್ಕದಲ್ಲಿ. ಶಾಂತಾ ಈಗ ಕೊತ್ತಂಬರಿಯನ್ನು ಮೂರು ಸಲ ತೊಳೆಯುತ್ತಾಳೆ. ಇಷ್ಟಾಗಿ ಮಗಳ ಕಣ್ಣು ಉಣ್ಣಿಯ ಮೇಲೂ ಅಲ್ಲವಂತೆ, ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದ ಮೇಲಂತೆ.

ನಾವು ನೇಕಾರರ ಮನೆಯವರು. ನಾನು ಗುಮಾಸ್ತನಾದರೂ ಅಪ್ಪನ ಕೈಮಗ್ಗ ಪಡಸಾಲೆಯಲ್ಲೇ ಇದೆ. ಸೆರಗಿನ ನಕ್ಷೆಗಾಗಿ ತೂತು ಹೊಡೆದ ರಟ್ಟುಗಳ ಸಾಲು ಅದರ ಮೇಲೆ ಇನ್ನೂ ತೂಗುತ್ತದೆ. ವಿದ್ಯಾ ಒಂದು ದಿನ ನನ್ನನ್ನು ಅದರ ಮುಂದೆ ಕೂರಿಸಿಕೊಂಡಳು.

"ನೋಡಪ್ಪಾ, ಎಲ್ಲಾ ಎಳಿನೂ ಮಗ್ಗದಾಗ ಅದಾವು. ಆದ್ರ ರಟ್ಟಿನ್ಯಾಗ ತೂತು ಇದ್ದಲ್ಲೆ ಅಷ್ಟ ಏಳ್ತಾವು. ಬ್ಯಾಕ್ಟೀರಿಯಾದ ಜೀನ್‌ಗಳೂ ಹಂಗ. ಉಣ್ಣಿ ಹೊಟ್ಟ್ಯಾಗ ಇದ್ದಾಗ ಕೆಲವು ಏಳ್ತಾವು. ಎಮ್ಮಿ ಬಿಸಿ ರಕ್ತ ಬಂತಂದ್ರ ಅವು ಕುಂತು ಬ್ಯಾರೇವು ಏಳ್ತಾವು. ಮೈಮ್ಯಾಲಿನ ಅಂಗೀನ ಬದಲಾದಂಗ."

"ರಟ್ಟು ಬದಲಿ ಮಾಡೋರು ಯಾರು?"

"ಯಾರೂ ಇಲ್ಲ. ಆ ಬಿಸೀನ ಮಾಡ್ತೈತಿ."

"ನೇಕಾರ ಇಲ್ಲದ ಮಗ್ಗ ಹೆಂಗ ನಡೀತೈತಿ ವಿದ್ಯಾ?"

ಅವಳು ನಿಟ್ಟುಸಿರು ಬಿಟ್ಟಳು, ನಾನು ತಲೆಯಾಡಿಸಿದೆ. ಆಮೇಲೆ ನಾಲ್ಕು ದಿನ ಅದೇ ಗೊಂದಲ. ಕಣ್ಣಿಲ್ಲ, ಕಿವಿಯಿಲ್ಲ, ಮನೆ ಬದಲಾಯಿತೆಂದು ಆ ಬ್ಯಾಕ್ಟೀರಿಯಾಕ್ಕೆ ಹೇಳುವವರಾದರೂ ಯಾರು? ಕಚೇರಿಯಲ್ಲಿ ಕೂತು ಯೋಚಿಸಿ, ಇಬ್ಬರ ಅರ್ಜಿಗೆ ಒಂದೇ ನಂಬರು ಹಾಕಿದೆ.

ಅಷ್ಟರಲ್ಲಿ ಮುಂಡರಗಿಯಿಂದ ಸಂಬಂಧ ಬಂತು. ಬೀಜದ ಅಂಗಡಿ ಇಟ್ಟ ಹುಡುಗ, ವಿದ್ಯಾಳಿಗೂ ಮನಸ್ಸಿತ್ತು. ಅವರು ಬರುವ ದಿನ ಮುಂಜಾನೆ ಅವಳು, "ಅಪ್ಪಾ, ನಾ ಸಂಶೋಧನೆ ಬಿಡಾಂಗಿಲ್ಲ. ಇದೊಂದು ಮಾತು ನೀನ ಹೇಳಬೇಕು" ಎಂದಳು. "ಬಿಡಿಸೋ ಮನಿ ನಮಗ ಬ್ಯಾಡ!" ಎಂದು ನಾನು ಮೇಜು ಗುದ್ದಿದೆ. ಬೆರಳು ನೋಯಿತು, ಆದರೂ ನನ್ನ ಧೈರ್ಯಕ್ಕೆ ನಾನೇ ಹಿಗ್ಗಿದೆ.

ಹುಡುಗನ ತಾಯಿ ಗಿರಿಜಮ್ಮ ಗಟ್ಟಿ ದನಿಯ ಹೆಂಗಸು. ಶಾಂತಾಳ ಜೊತೆ ಅಡುಗೆಮನೆಗೆ ಹೋದವರು ಫ್ರಿಜ್ಜಿನ ಸೀಸೆಗಳನ್ನು ಕಂಡು ನಗುತ್ತಲೇ ಹೊರಗೆ ಬಂದರು. "ನಮ್ಮ ಮನ್ಯಾಗ ನಾಕು ಎಮ್ಮಿ ಅದಾವು. ನಾವು ಉಣ್ಣಿ ಕಿತ್ತು ಒಗಿತೀವಿ, ನೀವು ತಂದು ಇಡ್ತೀರಿ!" ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತು, "ಅಣ್ಣಾರ, ಮದುವಿ ಆದಮ್ಯಾಲೆ ಹುಡುಗಿ ಈ ಸಂಶೋಧನೆ ಬಿಡ್ತಾಳಲ್ರಿ?" ಎಂದರು.

ತಲೆ ಆಡಿತು. ತಲೆಯಷ್ಟೇ ಆಡಿದ್ದರೆ ನೊಣ ಓಡಿಸಿದೆ ಎನ್ನಬಹುದಿತ್ತು, ಬಾಯಿಯೂ ಸೇರಿಕೊಂಡಿತು: "ಅದೇನ್ ದೊಡ್ಡ ಮಾತ್ರೀ, ನಿಮ್ಮ ಮನಿ ಪದ್ಧತಿ ಹೆಂಗೊ ಹಂಗ." ವಿದ್ಯಾ ಚಹಾದ ತಾಟು ಕೆಳಗಿಟ್ಟು ಒಳಗೆ ಹೋದಳು.

ಅವರು ಹೋದ ಮೇಲೆ ಶಾಂತಾ ನನ್ನ ಚಹಾದ ಕಪ್ಪನ್ನಷ್ಟೇ ಬಿಟ್ಟು ಉಳಿದವನ್ನೆಲ್ಲ ತೊಳೆದಿಟ್ಟಳು. ಮಗಳ ಕಣ್ಣು ಕೆಂಪಾಗಿತ್ತು. ಮುಂಜಾನೆ ಮೇಜು ಗುದ್ದಿದವನು ಎಲ್ಲಿ ಹೋಗಿದ್ದ ಎಂಬುದು ನನಗೇ ಗೊತ್ತಾಗಲಿಲ್ಲ. ಮಾತು ಶುರುಮಾಡಲು ಬೇರೆ ದಾರಿ ಕಾಣದೆ, "ವಿದ್ಯಾ, ಆ ಬ್ಯಾಕ್ಟೀರಿಯಾಕ್ಕ ತಾನು ಬದಲಾಗಿದ್ದು ಗೊತ್ತಾಗ್ತೈತೇನು?" ಎಂದು ಕೇಳಿದೆ.

"ಇಲ್ಲಪ್ಪಾ. ಅದಕ್ಕ ತಲೀನ ಇಲ್ಲ" ಎಂದು ಅವಳು ನನ್ನ ತಲೆಯನ್ನೇ ನೋಡಿದಳು.

ಫೋನು ತೆಗೆದುಕೊಂಡು ಮುಂಡರಗಿಗೆ ಹಚ್ಚಿದೆ. "ನಮ್ಮ ಹುಡುಗಿ ಸಂಶೋಧನೆ ಬಿಡೂದಿಲ್ರಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮತ್ತ ಆಗ ಹೂಂ ಅಂದ್ರಲ್ರಿ?" ಎಂದರು ಗಿರಿಜಮ್ಮ.

ಸುಳ್ಳೊಂದು ಹುಡುಕಿದೆ, ಸಿಗಲಿಲ್ಲ. "ಆಗ ನೀವು ಎದುರಿಗೆ ಇದ್ರಿ. ಈಗ ಮಗಳು ಎದುರಿಗೆ ನಿಂತಾಳ್ರಿ."

"ಖರೆ ಹೇಳಿದ್ರಿ. ಆದ್ರ ಮುಂದಿನ ಮಾತು ನಿಮ್ಮ ಕೂಡ ಬ್ಯಾಡ. ಫೋನು ಹುಡುಗಿ ಕೈಯಾಗ ಕೊಡ್ರಿ" ಎಂದರು ಅವರು.

ಕೊಟ್ಟೆ. ಅರ್ಧ ತಾಸು ಇಬ್ಬರೂ ಎಮ್ಮೆಯ ಕಿವಿಯ ಬಗ್ಗೆಯೇ ಮಾತಾಡಿದರು, ಸಂಶೋಧನೆ ಬಿಡುವ ಮಾತು ಮತ್ತೆ ಬರಲಿಲ್ಲ. ನಡುವೆ ಒಮ್ಮೆ ನನ್ನ ಸುದ್ದಿ ಬಂದ ಹಾಗಾಯಿತು. ಅತ್ತೆ ಆಗುವವರೂ ಸೊಸೆ ಆಗುವವಳೂ ಒಟ್ಟಿಗೇ ನಕ್ಕರು.